ಕಂಬದ ಮೇಲೆ ಉಳಿದ ಕೈಗಳು

ವಾಚಕ ಮಹನೀಯರೇ, ಅಸತ್ಯವೆಂದು ತೋರಿದುದನ್ನು ನಿರಾಕರಿಸುವ ಅಧಿಕಾರ ನಮಗುಂಟು. ಆದರೆ ಅದನ್ನು ನಂಬಿ ಬಾಳಿದವರು ಇರಲೇ ಇಲ್ಲವೆಂಬಂತೆ ಮಾಡುವ ಅಧಿಕಾರವೂ ನಮಗುಂಟೇ? ಇಟಲಿ ದೇಶದ ರವೆನ್ನಾ ನಗರದಲ್ಲಿರುವ ಪುರಾತನ ಚರ್ಚೊಂದನ್ನು ಹೊಕ್ಕವರಿಗೆ ಈ ಪ್ರಶ್ನೆ ಎದುರಾಗದೆ ಇರದು.

ಸಂತ ಅಪೊಲಿನಾರೆ ನುವೊವೊ ಎಂಬುದು ಅದರ ಇಂದಿನ ಹೆಸರು. ಆರನೆಯ ಶತಮಾನದ ಆರಂಭದಲ್ಲಿ ಆಸ್ಟ್ರೋಗಾಥರ ಅರಸನಾದ ಥಿಯೊಡೊರಿಕನು ಅದನ್ನು ತನ್ನ ಅರಮನೆಯ ಪ್ರಾರ್ಥನಾಮಂದಿರವಾಗಿ ಕಟ್ಟಿಸಿದನು. ಅದರ ಎರಡೂ ಗೋಡೆಗಳು ಹೊನ್ನಿನಂತೆ ಬೆಳಗುತ್ತವೆ. ಅವು ಬಣ್ಣ ಬಳಿದ ಚಿತ್ರಗಳಲ್ಲ. ಗಾಜು ಹಾಗೂ ಕಲ್ಲಿನ ಸಣ್ಣ ತುಣುಕುಗಳನ್ನು ಹಸಿ ಗಾರೆಯಲ್ಲಿ ಒಂದೊಂದಾಗಿ ಕೂರಿಸಿ ರಚಿಸಿದ ಮೊಸಾಯಿಕ್ ಚಿತ್ರಗಳು. ಗಾಜಿನ ಪದರಗಳ ನಡುವೆ ಅಡಗಿರುವ ಚಿನ್ನದ ರೇಕು ಬೆಳಕು ಬಿದ್ದೊಡನೆ ಮಿನುಗುತ್ತದೆ.

ಬಾಗಿಲ ಬಳಿಯ ಬಲಗೋಡೆಯಲ್ಲಿ ಥಿಯೊಡೊರಿಕನ ಅರಮನೆಯ ಚಿತ್ರವಿದೆ. ಅದರ ಕಮಾನುಗಳಲ್ಲಿ ಬಿಳಿಯ ಪರದೆಗಳು ತೂಗುತ್ತಿವೆ. ಮನುಷ್ಯರು ಯಾರೂ ಇಲ್ಲ. ಆದರೆ ಕಂಬಗಳನ್ನು ಗಮನಿಸಿ ನೋಡಿರಿ: ಅಲ್ಲೊಂದು ಮುಂಗೈ, ಇಲ್ಲಿ ಕೆಲವು ಬೆರಳುಗಳು! ದೇಹವಿಲ್ಲದ ಈ ಕೈಗಳು ಯಾರವು?

ಥಿಯೊಡೊರಿಕನು ಏರಿಯನ್ ಪಂಥದವನು. ಮಗನಾದ ಕ್ರಿಸ್ತನು ತಂದೆಯಾದ ದೇವರಿಂದ ಸೃಷ್ಟನಾದವನು, ತಂದೆಗೆ ಸಮಾನನಲ್ಲ ಎಂಬುದು ಆ ಪಂಥದ ನಂಬಿಕೆ. ಅರಸನು 526ರಲ್ಲಿ ತೀರಿಕೊಂಡನು. 540ರಲ್ಲಿ ರವೆನ್ನಾ ನಗರವು ಚಕ್ರವರ್ತಿ ಜಸ್ಟಿನಿಯನ್ನನ ಸೈನ್ಯದ ವಶವಾಯಿತು. 561ರ ಸುಮಾರಿಗೆ ಬಿಷಪ್ ಅಗ್ನೆಲಸನ ಕಾಲದಲ್ಲಿ ಚರ್ಚು ಎದುರು ಪಂಥದ ಕೈಸೇರಿತು. ಆಗ ಕಮಾನುಗಳಲ್ಲಿದ್ದ ಆಸ್ಥಾನಿಕರ ರೂಪಗಳನ್ನು ಕಿತ್ತು, ಆ ಸ್ಥಳದಲ್ಲಿ ಪರದೆಗಳನ್ನು ರಚಿಸಲಾಯಿತು. ಕಂಬಗಳಿಗೆ ಅಡ್ಡವಾಗಿ ಚಾಚಿದ್ದ ಕೈಗಳು ಮಾತ್ರ ಉಳಿದುಕೊಂಡವು.

ಇದರಲ್ಲಿ ಗಮನಿಸತಕ್ಕ ಸಂಗತಿ ಇನ್ನೊಂದುಂಟು. ಅದೇ ಗೋಡೆಗಳ ಮೇಲ್ಭಾಗದಲ್ಲಿ ಥಿಯೊಡೊರಿಕನ ಕಾಲದವರೇ ರಚಿಸಿದ ಕ್ರಿಸ್ತಚರಿತ್ರೆಯ 26 ದೃಶ್ಯಗಳನ್ನು ಯಾರೂ ಮುಟ್ಟಲಿಲ್ಲ. ಅವರ ಕೃತಿ ಬೇಕಾಯಿತು, ಅವರು ಬೇಡವಾದರು! ಭಿನ್ನಮತವು ದ್ವೇಷಕ್ಕೆ ತಿರುಗಿದಾಗ ಆಗುವುದೇ ಹೀಗೆ.

ಥಿಯೊಡೊರಿಕನೂ ನಿರ್ದೋಷಿಯಲ್ಲ, ತತ್ತ್ವಜ್ಞಾನಿ ಬೊಯಿಥಿಯಸನನ್ನು ಕೊಲ್ಲಿಸಿದ ಕಳಂಕ ಅವನಿಗಿದೆ. ಅಂಥವನ ಸ್ಮರಣೆ ಅಳಿದರೆ ನಷ್ಟವೇನೆಂದು ನೀವು ಕೇಳಬಹುದು. ಆದರೆ ಅಳಿಸುವ ಕೈ ತಪ್ಪನ್ನೂ ಒಪ್ಪನ್ನೂ ಬೇರ್ಪಡಿಸುವುದಿಲ್ಲ. ತಪ್ಪಿನ ನೆನಪು ಅಳಿದಲ್ಲಿ ಅದರಿಂದ ಕಲಿಯುವ ಪಾಠವೂ ಅಳಿಯುತ್ತದೆ. ವಾದದಿಂದ ಗೆಲ್ಲುವವನಿಗೆ ಪ್ರತಿವಾದಿ ಬೇಕು. ಪ್ರತಿವಾದಿಯನ್ನೇ ಇಲ್ಲವಾಗಿಸುವವನಿಗೆ ತನ್ನ ಸತ್ಯದಲ್ಲಿಯೇ ಪೂರ್ಣ ವಿಶ್ವಾಸವಿಲ್ಲ.

ನಾವಾದರೂ ಇದಕ್ಕೆ ಹೊರತೇ? ಪಾಲಿನ ವ್ಯಾಜ್ಯದಲ್ಲಿ ಬೇರೆಯಾದ ಅಣ್ಣನ ಭಾವಚಿತ್ರವನ್ನು ಗೋಡೆಯಿಂದ ಇಳಿಸುತ್ತೇವೆ. ಆತನು ತೋಡಿಸಿದ ಬಾವಿಯ ನೀರನ್ನು ಮಾತ್ರ ಕುಡಿಯುತ್ತೇವೆ. ಮಕ್ಕಳು ಆತನ ಹೆಸರೆತ್ತಿದರೆ ಮಾತು ತಿರುಗಿಸುತ್ತೇವೆ. ಆ ಮೌನವೇ ನಾವು ಎಳೆದ ಪರದೆ.

ಪ್ರಿಯ ವಾಚಕರೇ, ಒಪ್ಪದುದನ್ನು ಒಪ್ಪೆನೆಂದು ನಿರ್ಭಯವಾಗಿ ಹೇಳಿರಿ; ಆದರೆ ಒಪ್ಪದವನ ಹೆಸರನ್ನು ಅಳಿಸದಿರಿ. ಅಳಿಸಿದರೂ ಯಾವುದೋ ಕಂಬದ ಮೇಲೆ ಒಂದು ಕೈ ಉಳಿದಿರುತ್ತದೆ. ನಮ್ಮ ಮಕ್ಕಳು ಎಂದಾದರೊಂದು ದಿನ ಅದನ್ನು ಕಂಡು, ಅದು ಯಾರದೆಂದು ನಮ್ಮನ್ನು ಕೇಳಿಯೇ ಕೇಳುತ್ತಾರೆ.