ಕಳೆದುಕೊಳ್ಳುವ ಆಯ್ಕೆ

ನನ್ನ ಡಿಜಿಟಲ್ ಕ್ಯಾಮೆರಾದ ನೆತ್ತಿಯ ಮೇಲೊಂದು ಚಕ್ರವಿದೆ. ಅದನ್ನು ‘ಆಟೋ’ಗೆ ತಿರುಗಿಸಿದರೆ ಬೆಳಕಿನ ಲೆಕ್ಕವೆಲ್ಲ ಯಂತ್ರದ್ದು, ಗುಂಡಿ ಒತ್ತುವುದಷ್ಟೇ ನನ್ನ ಕೆಲಸ. ಚಿತ್ರ ಕೆಟ್ಟರೆ ಯಂತ್ರವನ್ನು ದೂರಬಹುದು. ಚೆನ್ನಾಗಿ ಬಂದರೆ ಹೆಸರು ಹೇಗೂ ನನ್ನದೇ! ಬಹುಕಾಲ ನಾನು ಈ ಸುಖದಲ್ಲಿಯೇ ಇದ್ದೆ.

ಒಂದು ಸಂಜೆ ಅಮ್ಮ ತುಳಸಿಯ ಮುಂದೆ ದೀಪ ಹಚ್ಚುತ್ತಿದ್ದಳು. ‘ಆಟೋ’ದಲ್ಲಿಯೇ ಒತ್ತಿದೆ. ಮಬ್ಬು ಕಂಡ ಯಂತ್ರ ಫ್ಲಾಷ್ ಹೊಡೆಯಿತು. ಮುಖದ ಸುಕ್ಕು, ಸೀರೆಯ ಅಂಚು, ಹಿಂದಿನ ಗೋಡೆಯ ಬಿರುಕು ಎಲ್ಲವೂ ಸ್ಪಷ್ಟ. ಇಲ್ಲದ್ದು ದೀಪದ ಬೆಳಕೊಂದೇ. ಚಕ್ರವನ್ನು ‘ಎ’ಗೆ ತಿರುಗಿಸಿದೆ. ಅಲ್ಲಿ ಮಸೂರದ ಕಂಡಿ ನನ್ನ ಕೈಯಲ್ಲಿ, ಕಾಲಾವಧಿ ಯಂತ್ರದ ಕೈಯಲ್ಲಿ. ಫ್ಲಾಷ್ ಮುಚ್ಚಿ, ಕಂಡಿಯನ್ನು ಪೂರ್ತಿ ತೆರೆದು ಮತ್ತೊಂದು ತೆಗೆದೆ. ಬೆಳಕು ಸಾಲದೆ ಯಂತ್ರ ಸೆಕೆಂಡಿನ 1/8 ಭಾಗ ಕಣ್ಣು ತೆರೆದಿತ್ತು. ಅಷ್ಟರಲ್ಲಿ ಅಮ್ಮನ ಕೈ ನಡುಗಿ ಬೆರಳುಗಳು ಮಸುಕಾದವು. ಆದರೆ ದೀಪದ ಹೊಂಬೆಳಕು ಅವಳ ಕೆನ್ನೆಯ ಮೇಲಿತ್ತು.

ಅಮ್ಮ ಈಗಿಲ್ಲ. ಪಟಕ್ಕೆ ಕಟ್ಟು ಹಾಕಿಸುವಾಗ ತಮ್ಮ, “ಮೊದಲನೆಯದೇ ಇರಲಿ ಅಣ್ಣ, ಮುಖ ಚೆನ್ನಾಗಿ ಕಾಣುತ್ತೆ” ಎಂದ. ಅವನ ಮಾತು ಸುಳ್ಳಲ್ಲ. ಎರಡು ಚಿತ್ರಗಳೂ ನಿಜವೇ. ಎರಡರಲ್ಲಿಯೂ ಒಂದೊಂದು ನಷ್ಟವಿದೆ. ಎಲ್ಲವನ್ನೂ ಉಳಿಸಿಕೊಡುವ ಗುರುತು ಆ ಚಕ್ರದ ಮೇಲಿಲ್ಲ. ಏನನ್ನು ಬಿಟ್ಟುಕೊಡಬಹುದೆಂದು ನಿರ್ಧರಿಸುವವರು ಯಾರು ಎಂಬುದೇ ಪ್ರಶ್ನೆ. ಯಂತ್ರಕ್ಕೆ ಬೆಳಕಿನ ಪ್ರಮಾಣ ಗೊತ್ತು; ನಾನು ಅಲ್ಲಿ ಏಕೆ ನಿಂತಿದ್ದೆನೆಂಬುದು ಗೊತ್ತಿಲ್ಲ. ಆ ನಿರ್ಧಾರವನ್ನೂ ಅದಕ್ಕೇ ಒಪ್ಪಿಸಿದರೆ ತಪ್ಪು ಯಂತ್ರದ್ದಲ್ಲ.

ನಡುಮನೆಯ ಗೋಡೆಯ ಮೇಲೆ ತಮ್ಮ ಆರಿಸಿದ ಚಿತ್ರವಿದೆ. ನಡುಗುವ ಕೈಯದು ನನ್ನ ಮೇಜಿನ ಮೇಲಿದೆ.