ಮಂಚದ ಸುತ್ತ ನಿಂತವರು

ಹನ್ನೆರಡು ವರ್ಷದ ಹುಡುಗಿಯನ್ನು ಮಂಚಕ್ಕೆ ಕಟ್ಟಿದ್ದಾರೆ. ಪಾದ್ರಿ ಕರಾಸ್ ಪುಟ್ಟ ಶೀಷೆ ತೆಗೆದು, ಇದು ಪವಿತ್ರ ಜಲ ಎಂದು ಹೇಳಿ ಅವಳ ಮೇಲೆ ಚಿಮುಕಿಸುತ್ತಾನೆ. ಮೈಗೆ ಕೆಂಡ ತಾಗಿದಂತೆ ಹುಡುಗಿ ಹೊರಳಾಡುತ್ತಾಳೆ, ಊಳಿಡುತ್ತಾಳೆ. ಆದರೆ ಶೀಷೆಯಲ್ಲಿದ್ದದ್ದು ಬರೀ ನಲ್ಲಿ ನೀರು. ನಿಜವಾದ ದೆವ್ವವಾಗಿದ್ದರೆ ನಲ್ಲಿ ನೀರು ಯಾಕೆ ಸುಡಬೇಕು? ಇದು ಮನಸ್ಸಿನ ಕಾಯಿಲೆಯೇ ಇರಬೇಕು ಎಂಬ ಅನುಮಾನ ಕರಾಸ್‌ನಲ್ಲಿ ಗಟ್ಟಿಯಾಗುತ್ತದೆ. ಮುಂದೊಂದು ರಾತ್ರಿ ಅದೇ ಹುಡುಗಿಯ ಹೊಟ್ಟೆಯ ಮೇಲೆ, ಒಳಗಿನಿಂದ ಯಾರೋ ಗೀಚಿದ ಹಾಗೆ, ಸಹಾಯ ಬೇಡುವ ಎರಡು ಪದಗಳು ಉಬ್ಬಿ ಬರುತ್ತವೆ.

ವಿಲಿಯಂ ಪೀಟರ್ ಬ್ಲಾಟಿ ತಮ್ಮ 1971ರ ಕಾದಂಬರಿಯಿಂದ ಚಿತ್ರಕಥೆ ಬರೆದರು, ವಿಲಿಯಂ ಫ್ರೀಡ್ಕಿನ್ ನಿರ್ದೇಶಿಸಿದರು. 'ದಿ ಎಕ್ಸಾರ್ಸಿಸ್ಟ್' 1973ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ತೆರೆಕಂಡಿತು. ತಿರುಗುವ ತಲೆ, ಹಸಿರು ವಾಂತಿ, ಇವೇ ಜನರ ನೆನಪಿನಲ್ಲಿ ಉಳಿದಿವೆ. ಸಮಾಧಾನದಿಂದ ಇನ್ನೊಮ್ಮೆ ನೋಡಿದರೆ ಕಾಣುವುದು ಬೇರೆಯದೇ ಚಿತ್ರ. ಕರಾಸ್ ನ್ಯೂಯಾರ್ಕಿನ ಇಕ್ಕಟ್ಟಾದ ಮನೆಗೆ ಹೋಗಿ, ಒಂಟಿಯಾಗಿರುವ ಮುದಿ ತಾಯಿಯ ಕಾಲಿಗೆ ಬ್ಯಾಂಡೇಜು ಸುತ್ತುತ್ತಾನೆ. ಅವನು ಮನೋವೈದ್ಯನೂ ಹೌದು. ವೈದ್ಯನಾಗಿಯೇ ಉಳಿದಿದ್ದರೆ ಅವಳನ್ನು ಚೆನ್ನಾಗಿ ನೋಡಿಕೊಳ್ಳಬಹುದಿತ್ತು, ಆದರೆ ಪಾದ್ರಿಯ ಕೈಯಲ್ಲಿ ಕಾಸಿಲ್ಲ. ಹತ್ತಿರ ಯಾರೂ ಇಲ್ಲದ ಹೊತ್ತಿನಲ್ಲಿ ಆಕೆ ತೀರಿಕೊಳ್ಳುತ್ತಾಳೆ. ಮುಂದೆ ದೆವ್ವ ಕರಾಸ್‌ನನ್ನು ಚುಚ್ಚುವುದು ಆ ತಾಯಿಯ ದನಿಯಲ್ಲೇ.

ಅತ್ತ ಹುಡುಗಿಯ ಕುತ್ತಿಗೆಗೆ ಸೂಜಿ ಚುಚ್ಚಿ ರಕ್ತನಾಳದ ಎಕ್ಸ್‌ರೇ ತೆಗೆಯುವ ದೃಶ್ಯದಲ್ಲಿ ರಕ್ತ ಚಿಮ್ಮುತ್ತದೆ. ಇಡೀ ಚಿತ್ರದಲ್ಲಿ ನೋಡಲು ಅತಿ ಕಷ್ಟವಾಗುವ ಆ ಕೆಲವು ನಿಮಿಷಗಳಲ್ಲಿ ದೆವ್ವದ ಸುಳಿವೇ ಇಲ್ಲ.

ವೈದ್ಯರೆಲ್ಲ ಕೈಚೆಲ್ಲಿದ ಮೇಲೆ ಹುಡುಗಿಯ ತಾಯಿ ಕರಾಸ್ ಬಳಿ ಬರುತ್ತಾಳೆ, ಅವನು ಅವಳನ್ನು ಮತ್ತೆ ವೈದ್ಯರ ಕಡೆಗೇ ತಿರುಗಿಸುತ್ತಾನೆ. ದೆವ್ವ ಬಿಡಿಸಬೇಕಾದರೆ ಹದಿನಾರನೇ ಶತಮಾನಕ್ಕೇ ಹೋಗಬೇಕು ಎಂಬರ್ಥದ ಮಾತು ಅವನದು. ಕ್ಯಾಥೊಲಿಕ್ ಚರ್ಚಿನ ಸ್ವಂತ ನಿಯಮವೂ ಈ ಅನುಮಾನದಿಂದ ದೂರವಲ್ಲ. ಯಾರಿಗೋ ದೆವ್ವ ಹಿಡಿದಿದೆ ಎಂದು ಸುಲಭಕ್ಕೆ ನಂಬಬೇಡಿ ಎಂದು 1614ರ ವಿಧಿಪುಸ್ತಕವೇ ಪಾದ್ರಿಗಳನ್ನು ಎಚ್ಚರಿಸಿತ್ತು. ಆ ವಿಧಿಯನ್ನು ಪರಿಷ್ಕರಿಸಿದ್ದು 1999ರಲ್ಲಿ. ಬಿಷಪ್ಪರ ಅನುಮತಿಯಿಲ್ಲದೆ ಇಂದಿಗೂ ಅದನ್ನು ನಡೆಸುವಂತಿಲ್ಲ. ವೈದ್ಯನೂ ಮಾಂತ್ರಿಕನೂ ಒಂದೇ ಕೋಣೆಯಲ್ಲಿ ನಿಲ್ಲುವುದು ಕನ್ನಡದ ಪ್ರೇಕ್ಷಕರಿಗೂ ಹೊಸದಲ್ಲ. ಮಲಯಾಳಂನ 'ಮಣಿಚಿತ್ರತ್ತಾಳ್' (1993) ಕಥೆಯನ್ನು ಕನ್ನಡಕ್ಕೆ ತಂದ 'ಆಪ್ತಮಿತ್ರ'ದಲ್ಲಿ (2004) ವಿಷ್ಣುವರ್ಧನ್ ಅವರ ಮನೋವೈದ್ಯ, ಸೌಂದರ್ಯ ಅವರ ಗಂಗಾಳನ್ನು ಉಳಿಸಲು ಮಾಂತ್ರಿಕನ ವಿಧಿಯನ್ನೇ ಚಿಕಿತ್ಸೆಯಾಗಿ ಬಳಸುತ್ತಾನೆ. ಅಲ್ಲಿ ಗಂಗಾಳನ್ನು ಹಿಡಿದಿದೆ ಎನಿಸಿದ ನಾಗವಲ್ಲಿ ಎಂಬ ದೆವ್ವ ಇದ್ದದ್ದು ಅವಳ ಮನಸ್ಸಿನಲ್ಲಿ. ಅದು ತಿಳಿದ ಮೇಲೆ ಹೆದರಿಕೆ ಕರಗಿ ಕರುಣೆ ಉಳಿಯುತ್ತದೆ.

ಬ್ಲಾಟಿ ಬರೆದ ಕಥೆಯಲ್ಲಿ ತಿಳಿದರೂ ಕರಗದ ಒಂದು ಪ್ರಶ್ನೆಯಿದೆ. ದೆವ್ವ ಬಿಡಿಸುವ ನಡುವೆ ದಣಿದ ಕರಾಸ್ ಮತ್ತು ಹಿರಿಯ ಪಾದ್ರಿ ಮೆರಿನ್ ಮನೆಯ ಮೆಟ್ಟಿಲ ಮೇಲೆ ಕೂರುತ್ತಾರೆ. ಯಾಕೆ ಈ ಹುಡುಗಿಯೇ, ಎಂದು ಕರಾಸ್ ಕೇಳುತ್ತಾನೆ. ಹುಡುಗಿ ನೆಪ ಮಾತ್ರ ಎಂಬುದು ಮೆರಿನ್ ಉತ್ತರದ ತಿರುಳು. ಗುರಿ ಇರುವುದು ನೋಡುತ್ತ ನಿಂತವರ ಮೇಲೆ. ಮನುಷ್ಯ ಇಷ್ಟು ಹೊಲಸು, ಇಷ್ಟು ಮೃಗ, ಇವನನ್ನು ದೇವರು ಪ್ರೀತಿಸುವುದುಂಟೇ ಎಂದು ಅವರು ಆಸೆ ಬಿಡಬೇಕು. ಚಿತ್ರದ ಜೀವವೇ ಆಗಿರುವ ಈ ಮಾತನ್ನು ಫ್ರೀಡ್ಕಿನ್ ಕತ್ತರಿಸಿ ಹಾಕಿದರು, ಬ್ಲಾಟಿಗೆ ಅದು ಒಪ್ಪಿಗೆಯಾಗಿರಲಿಲ್ಲ. ಆ ಸಂಭಾಷಣೆ ಚಿತ್ರಕ್ಕೆ ಮರಳಿದ್ದು 2000ದ ಆವೃತ್ತಿಯಲ್ಲಿ. ದೆವ್ವ 'ಮೆಟ್ಟಿಕೊಂಡಿದೆ' ಎನ್ನುತ್ತದೆ ಕನ್ನಡ. ಮೆರಿನ್ ಕಂಡಂತೆ ಮೆಟ್ಟಿಸಿಕೊಂಡವರು ಮಂಚದ ಸುತ್ತಲೂ ಇದ್ದಾರೆ.

ಕೊನೆಗೆ ಕರಾಸ್, ಅವಳನ್ನು ಬಿಟ್ಟು ತನ್ನೊಳಗೆ ಬರುವಂತೆ ದೆವ್ವಕ್ಕೆ ಅರಚಿ ಹೇಳುತ್ತಾನೆ. ಬಂದದ್ದೇ ತಡ, ಕಿಟಕಿಯಿಂದ ಹಾರಿ ಕಡಿದಾದ ಕಲ್ಲು ಮೆಟ್ಟಿಲುಗಳ ಮೇಲೆ ಉರುಳುತ್ತಾನೆ. ಆತ್ಮಹತ್ಯೆ ಅವನ ಧರ್ಮದಲ್ಲಿ ಘೋರ ಪಾಪ. ಗೆಳೆಯ ಪಾದ್ರಿ ಡಯರ್ ಓಡಿ ಬಂದು, ಪಶ್ಚಾತ್ತಾಪ ಪಡುತ್ತೀಯಾ ಎಂದು ಕೇಳಿದಾಗ ರಕ್ತಸಿಕ್ತ ಕೈಯ ಬೆರಳುಗಳು ಮೆಲ್ಲಗೆ ಬಿಗಿಯಾಗುತ್ತವೆ. ಡಯರ್ ಆಗಿ ನಟಿಸಿದವರು ನಿಜವಾದ ಜೆಸ್ಯೂಟ್ ಪಾದ್ರಿ ವಿಲಿಯಂ ಓಮ್ಯಾಲಿ.

ಕರಾಸ್‌ಗೆ ಇತಿಹಾಸದಲ್ಲೊಬ್ಬ ಹಿರಿಯಣ್ಣನಿದ್ದಾನೆ. ಫ್ರಾನ್ಸಿನ ಲೂಡನ್‌ನಲ್ಲಿ ಸನ್ಯಾಸಿನಿಯರಿಗೆ ದೆವ್ವ ಹಿಡಿದಿದೆ ಎಂಬ ಗದ್ದಲವೆದ್ದು, 1634ರಲ್ಲಿ ಉರ್ಬೆ ಗ್ರಾಂದಿಯೆ ಎಂಬ ಪಾದ್ರಿಯನ್ನು ಮಾಟದ ಆರೋಪ ಹೊರಿಸಿ ಜೀವಂತ ಸುಟ್ಟರು. ದೆವ್ವಗಳು ಮಾತ್ರ ಹೋಗಲಿಲ್ಲ. ಆಮೇಲೆ ಬಂದ ಜೆಸ್ಯೂಟ್ ಜಾನ್ ಜೋಸೆಫ್ ಸ್ಯೂರೆ, ಮಠದ ಮುಖ್ಯಸ್ಥೆಯ ಸಂಕಟ ತನಗೆ ಬರಲಿ ಎಂದು ಪ್ರಾರ್ಥಿಸಿದ. ಬಂತು. ಇಪ್ಪತ್ತು ವರ್ಷಗಳ ಹತ್ತಿರ ಅವನು ಮನಸ್ಸಿನ ಕತ್ತಲೆಯಲ್ಲಿ ನರಳಿದ. 1645ರಲ್ಲಿ ಕಿಟಕಿಯಿಂದ ಹಾರಿ ತೊಡೆಯ ಮೂಳೆ ಮುರಿದುಕೊಂಡ. ಈ ಘಟನೆಯ ನೆರಳಿನಲ್ಲಿ ಪೋಲೆಂಡಿನ ಯೆರ್ಜಿ ಕವಲೆರೊವಿಚ್ 1961ರಲ್ಲಿ 'ಮದರ್ ಜೋನ್ ಆಫ್ ದಿ ಏಂಜೆಲ್ಸ್' ತೆಗೆದರು. ಅದರ ಪಾದ್ರಿ ದೆವ್ವದ ಬಗ್ಗೆ ಉತ್ತರ ಹುಡುಕುತ್ತ ಯಹೂದಿ ರಬ್ಬಿಯ ಬಳಿ ಹೋಗುತ್ತಾನೆ. ಪಾದ್ರಿಯೂ ರಬ್ಬಿಯೂ ಒಬ್ಬನೇ ನಟ! ತನ್ನದೇ ಮುಖದ ಎದುರು ಕೂತು ಕೇಳಿದರೂ ಉತ್ತರ ಸಿಗುವುದಿಲ್ಲ. ದೆವ್ವ ತನ್ನಲ್ಲೇ ಉಳಿದು ಮದರ್ ಜೋನ್ ಬಿಡುಗಡೆಯಾಗಲಿ ಎಂಬ ಪ್ರೀತಿಯಲ್ಲಿ ಆ ಪಾದ್ರಿ, ಮಲಗಿದ್ದ ಇಬ್ಬರು ಆಳುಗಳನ್ನು ಕೊಡಲಿಯಿಂದ ಕೊಲ್ಲುತ್ತಾನೆ. ಪರರ ಕೇಡನ್ನು ಹೊರಲು ಹೊರಟ ಪ್ರೀತಿಯೇ ಕೇಡಾದರೆ ಅದಕ್ಕೆ ಏನೆನ್ನಬೇಕು? ಈ ಪ್ರಶ್ನೆಯನ್ನು ಇಷ್ಟು ನಿಷ್ಠುರವಾಗಿ ಕೇಳಿದ ದೆವ್ವದ ಚಿತ್ರ ಇನ್ನೊಂದು ಸಿಗುವುದು ಕಷ್ಟ.

ಇವೆಲ್ಲ ತೆರೆಯ ಮಾತು, ಹಳೆಯ ಮಾತು ಎನ್ನುವಂತಿಲ್ಲ. ಜರ್ಮನಿಯ ಕ್ಲಿಂಗನ್‌ಬರ್ಗ್‌ನ ಆನೆಲೀಸ ಮಿಷೆಲ್ ಎಂಬ ವಿದ್ಯಾರ್ಥಿನಿಗೆ ಮೂರ್ಛೆರೋಗಕ್ಕೆ ಚಿಕಿತ್ಸೆ ನಡೆದಿತ್ತು. 1975ರಲ್ಲಿ ಬಿಷಪ್ಪರ ಅನುಮತಿ ಸಿಕ್ಕಿ, ಇಬ್ಬರು ಪಾದ್ರಿಗಳು 67 ಸಲ ದೆವ್ವ ಬಿಡಿಸುವ ವಿಧಿ ನಡೆಸಿದರು. ಆಕೆ ಊಟ ಬಿಟ್ಟಳು. ದಿನಕ್ಕೆ ನೂರಾರು ಸಲ ಮೊಣಕಾಲೂರಿ ಎದ್ದು ಮಂಡಿ ಹಾಳಾಯಿತು. ಪರರ ಪಾಪಕ್ಕೆ ತಾನು ಪ್ರಾಯಶ್ಚಿತ್ತ ಮಾಡುತ್ತಿದ್ದೇನೆ ಎಂದು ಆಕೆಯೂ ನಂಬಿದ್ದಳು. 1976ರ ಜುಲೈ 1ರಂದು, 23ನೇ ವಯಸ್ಸಿನಲ್ಲಿ ತೀರಿಕೊಂಡಾಗ ತೂಕ ಸುಮಾರು 30 ಕಿಲೋ. ತಂದೆ ತಾಯಿ ಮತ್ತು ಪಾದ್ರಿಗಳಿಬ್ಬರೂ ನಿರ್ಲಕ್ಷ್ಯದಿಂದ ಸಾವಿಗೆ ಕಾರಣರಾದರೆಂದು 1978ರಲ್ಲಿ ನ್ಯಾಯಾಲಯ ತೀರ್ಪಿತ್ತಿತು. ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು.

ಕರಾಸ್ ತನ್ನನ್ನು ಕೊಟ್ಟು ಮಂಚದ ಮೇಲಿದ್ದವಳನ್ನು ಉಳಿಸಿದ. ಕ್ಲಿಂಗನ್‌ಬರ್ಗ್‌ನಲ್ಲಿ ಸುತ್ತ ನಿಂತವರು ಮಂಚದ ಮೇಲಿದ್ದವಳನ್ನೇ ಬಲಿಯಾಗಿ ಸ್ವೀಕರಿಸಿದರು. ಅವರಲ್ಲಿ ಯಾರೂ ಕೆಟ್ಟವರಲ್ಲ, ಪ್ರೀತಿ ಇಲ್ಲದವರೂ ಅಲ್ಲ. ಅವರನ್ನು ಹಿಡಿದದ್ದು ಹತಾಶೆಯಲ್ಲ, ಖಾತ್ರಿ. ಮೆರಿನ್ ಅದನ್ನು ಎಣಿಸಿರಲಿಲ್ಲ. ನಲ್ಲಿ ನೀರಿನ ಶೀಷೆ ಹಿಡಿದು ಪರೀಕ್ಷಿಸುವ ಒಬ್ಬ ಕರಾಸ್ ಆ ಕೋಣೆಯಲ್ಲಿ ಇರಲಿಲ್ಲ.

ಈ ಸಾವಿನಿಂದ ಎರಡು ಚಿತ್ರಗಳು ಹುಟ್ಟಿದವು. ಅಮೆರಿಕದ 'ದಿ ಎಕ್ಸಾರ್ಸಿಸಂ ಆಫ್ ಎಮಿಲಿ ರೋಸ್' (2005) ನ್ಯಾಯಾಲಯದಲ್ಲಿ ವಾದ ಹೂಡಿ, ಕಾಯಿಲೆ, ದೆವ್ವ ಎರಡೂ ಸಾಧ್ಯತೆಗಳನ್ನು ತೆರೆದಿಡುತ್ತದೆ. ಮರುವರ್ಷ ಬಂದ ಹಾನ್ಸ್ ಕ್ರಿಸ್ಟಿಯಾನ್ ಶ್ಮಿಡ್ ಅವರ ಜರ್ಮನ್ ಚಿತ್ರ 'ರೆಕ್ವಿಯೆಮ್' ದೆವ್ವವನ್ನು ತೋರಿಸುವುದೇ ಇಲ್ಲ. ಅಲ್ಲಿರುವುದು ಕಾಲೇಜಿಗೆ ಹೊರಟ ಹುಡುಗಿ, ಹೊಸ ಗೆಳತಿ, ಕುಣಿತ, ಮುಟ್ಟಲಾಗದೆ ಹೋಗುವ ಒಂದು ಜಪಸರ, ಮೃದು ಮನಸ್ಸಿನ ಅಪ್ಪ, ಬಿಗಿದ ತುಟಿಯ ಅಮ್ಮ. ಸಾಂಡ್ರಾ ಹ್ಯೂಲರ್ ಆ ಹುಡುಗಿಯ ಪಾತ್ರಕ್ಕೆ ಬರ್ಲಿನ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟಿ ಪ್ರಶಸ್ತಿ ಪಡೆದರು. ಹುಡುಗಿಯ ಸಾವನ್ನೂ ಶ್ಮಿಡ್ ತೋರಿಸುವುದಿಲ್ಲ. ಗೆಳತಿ ಬಂದು ಕರೆಯುತ್ತಾಳೆ, ಇನ್ನೂ ಹೊರಟುಬಿಡಬಹುದು. ಹುಡುಗಿ ಹೋಗುವುದಿಲ್ಲ. ಆಮೇಲಿನದನ್ನು ತೆರೆಯ ಮೇಲಿನ ಒಂದೆರಡು ಸಾಲು ಅಕ್ಷರಗಳು ಹೇಳುತ್ತವೆ.