ಬೆಳಕಿಗೆ ಲೆಕ್ಕ ಕೇಳಬಹುದೇ?

ಮಲಯಾಳದಲ್ಲಿ ದೀಪಕ್ಕೆ ‘ವಿಳಕ್ಕ್’ ಎನ್ನುತ್ತಾರೆ. ನಮ್ಮ ‘ಬೆಳಕು’ ಅದರ ಒಡಹುಟ್ಟು. ಎರಡು ಭಾಷೆಗಳ ನಡುವೆ ಬೆಳೆದ ನನಗೆ ಬಾಲ್ಯದಲ್ಲಿ ಎರಡಕ್ಕೂ ಒಂದೇ ವಾಸನೆ: ಚಿಮಿಣಿ ಎಣ್ಣೆಯದು. ಕಾಸರಗೋಡಿನ ಒಳನಾಡಿನ ನಮ್ಮ ಗುಡ್ಡಕ್ಕೆ ಆಗ ಕರೆಂಟು ಬಂದಿರಲಿಲ್ಲ. ದೀಪದ ಒಂದು ಬದಿಯಲ್ಲಿ ಅಮ್ಮ ಬೀಡಿ ಕಟ್ಟುತ್ತಿದ್ದಳು, ಇನ್ನೊಂದು ಬದಿಯಲ್ಲಿ ನಾನು ಓದುತ್ತಿದ್ದೆ. ರೇಷನ್ ಎಣ್ಣೆ ಮುಗಿದ ದಿನಗಳಲ್ಲಿ ಊಟವೂ ಬೇಗ, ನಿದ್ದೆಯೂ ಬೇಗ.

ಮುಂದೆ, ಕರೆಂಟಿಗೆ ಮೊದಲೇ, ಯಾರೋ ಪುಣ್ಯಾತ್ಮರು ನಮಗೊಂದು ಸೋಲಾರ್ ದೀಪ ಕೊಟ್ಟರು. ಅಂದು ಅಮ್ಮ ಒಂದು ಬೀಡಿಯನ್ನೂ ಹೆಚ್ಚು ಕಟ್ಟಲಿಲ್ಲ. ಗೋಡೆಯ ಮಸಿ ನೋಡಿ ನಾಚಿಕೊಂಡು, ರಾತ್ರಿಯೇ ಅದನ್ನು ಉಜ್ಜಲು ಕುಳಿತಳು.

ಈ ನೆನಪು ಮರಳಿದ್ದು ಒಂದು ಅಧ್ಯಯನದ ವಿವರ ಓದಿದಾಗ. ಉತ್ತರ ಪ್ರದೇಶದ ಬಾರಾಬಂಕಿ ಜಿಲ್ಲೆಯ 1,281 ಮನೆಗಳನ್ನು ಕುರಿತು 2017ರಲ್ಲಿ ಪ್ರಕಟವಾದದ್ದು ಅದು. ಕರೆಂಟಿಲ್ಲದ ಕೆಲವು ಹಳ್ಳಿಗಳಿಗೆ ತಿಂಗಳಿಗೆ 100 ರೂಪಾಯಿಯಂತೆ ಎರಡು ಸೌರದೀಪಗಳನ್ನೂ ಮೊಬೈಲ್ ಚಾರ್ಜ್ ಮಾಡುವ ಸೌಕರ್ಯವನ್ನೂ ಒದಗಿಸಿ, ಉಳಿದ ಹಳ್ಳಿಗಳೊಂದಿಗೆ ಹೋಲಿಸಿ ನೋಡಿದರು. ಕಾಳಸಂತೆಯ ಸೀಮೆಎಣ್ಣೆಯ ಖರ್ಚು ಇಳಿದಿತ್ತು. ಆದರೆ ಉಳಿತಾಯ ಹೆಚ್ಚಿದ್ದಕ್ಕಾಗಲಿ, ಹೊಸ ವ್ಯಾಪಾರ ಹುಟ್ಟಿದ್ದಕ್ಕಾಗಲಿ, ಓದಿನ ಹೊತ್ತು ಬೆಳೆದದ್ದಕ್ಕಾಗಲಿ ಸ್ಪಷ್ಟ ಆಧಾರ ಸಿಗಲಿಲ್ಲ.

ಒಂದು ದೀಪದಿಂದ ಬಡತನ ನೀಗುತ್ತದೆ ಎನ್ನುವವರ ಉತ್ಸಾಹಕ್ಕೆ ಈ ಕಡಿವಾಣ ಬೇಕಾದದ್ದೇ. ಎರಡು ದೀಪದ ಶಕ್ತಿಯಿಂದ ನೀರಿನ ಪಂಪು ಓಡದು. ಆದರೆ ಇದನ್ನು ಕೇಳಿದ ಗೆಳೆಯರೊಬ್ಬರು ‘ಹಾಗಾದರೆ ಪ್ರಯೋಜನವೇನು?’ ಎಂದಾಗ ನಾನು ಅವರ ಜಗಲಿಯಲ್ಲಿ ಉರಿಯುತ್ತಿದ್ದ ಬಲ್ಬನ್ನು ನೋಡಿದೆ. ಅದರಿಂದ ಅವರ ಆದಾಯ ಎಷ್ಟು ಏರಿತೆಂದು ಯಾರೂ ಕೇಳಿಲ್ಲ. ಉಳ್ಳವರಿಗೆ ಬೆಳಕು ಬರಿಯ ಬೆಳಕು. ಇಲ್ಲದವರಿಗೆ ಮಾತ್ರ ಅದು ಲಾಭ ತೋರಿಸಬೇಕಾದ ಬಂಡವಾಳ! ಅನ್ನದಲ್ಲಿನ ಕಲ್ಲು, ಅಂಗಳದ ಹಾವು, ಜ್ವರ ಬಂದ ಮಗುವಿನ ಮುಖ ಕಣ್ಣಿಗೆ ಕಾಣುವುದನ್ನು ಯಾವ ಖಾತೆಗೆ ಬರೆಯೋಣ?

ಸಾರ್ವಜನಿಕ ಹಣಕ್ಕೆ ಲೆಕ್ಕ ಬೇಡವೇ ಎಂದು ಓದುಗರು ಕೇಳಬಹುದು. ಬೇಕು. ಆದರೆ ಅದನ್ನು ಪಡೆದವರಲ್ಲಿ ಅಲ್ಲ, ಕೊಟ್ಟವರಲ್ಲಿ ಕೇಳಬೇಕು. ನಮ್ಮ ದೀಪದ ಬ್ಯಾಟರಿ ಮೂರನೆಯ ಮಳೆಗಾಲಕ್ಕೆ ಸತ್ತಿತು. ಕೊಟ್ಟವರು ಮತ್ತೆ ಬರಲಿಲ್ಲ. ಚಿಮಿಣಿ ಮರಳಿ ಬಂತು. ಬೆಳಕು ಕಂಡ ಮೇಲಿನ ಕತ್ತಲು ಮೊದಲಿನದಕ್ಕಿಂತ ದಟ್ಟ. 1995ರಲ್ಲಿ ಸೆಲ್ಕೊ ಸಂಸ್ಥೆಯನ್ನು ಕಟ್ಟಿದವರಲ್ಲೊಬ್ಬರಾದ, 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಹರೀಶ್ ಹಂದೆಯವರು ದೀಪದ ಜೊತೆಗೆ ಬ್ಯಾಂಕಿನ ಸಾಲಕ್ಕೂ ದುರಸ್ತಿಗೂ ಅಷ್ಟೇ ಮಹತ್ವ ಕೊಟ್ಟದ್ದರ ಅರ್ಥ ನನಗೆ ತಿಳಿಯುವುದು ಹೀಗೆ: ಬಡವರು ಗಿರಾಕಿಗಳಾದರೆ ಕೆಟ್ಟ ದೀಪವನ್ನು ಪ್ರಶ್ನಿಸಬಲ್ಲರು, ದಾನ ಪಡೆದವರು ಸುಮ್ಮನಿರಬೇಕಾಗುತ್ತದೆ.

2017ರಲ್ಲಿಯೇ ಕೇರಳ ಸರಕಾರ ಎಲ್ಲ ಮನೆಗಳಿಗೂ ವಿದ್ಯುತ್ ತಲುಪಿತೆಂದು ಘೋಷಿಸಿತು. ಈಗ ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದು ಕರೆಂಟು ಹೋದರೆ ನಾನೂ ಕೂಡಲೇ ಫೋನೆತ್ತಿ ದೂರು ಕೊಡುತ್ತೇನೆ. ಆ ಬೆಳಕಿನಲ್ಲಿ ಏನು ಸಂಪಾದಿಸುತ್ತೀರಿ ಎಂದು ಆಚೆಯ ದನಿ ಎಂದೂ ಕೇಳಿಲ್ಲ. ಅಮ್ಮನಿಗೆ ಇಲ್ಲದಿದ್ದದ್ದು ದೀಪವೊಂದೇ ಅಲ್ಲ, ಹೀಗೆ ದೂರುವ ಹಕ್ಕೂ ಕೂಡ.